ಕಣದಲ್ಲಿ ನರಳಿದ ಯಂತ್ರ

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಕೈಗುಣವಿದೆ. ಯಂತ್ರಗಳಿಗೆ ಮಾತ್ರ ಅದು ಗೊತ್ತಿಲ್ಲ.

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದ ಪಕ್ಕದ ನಮ್ಮೂರಿನ ಕಣದಲ್ಲಿ ರಾಗಿ ತೂರಿ ಬಂದ ಸಂಜೆ ನನ್ನ ಹೆಂಡತಿ ಜಯಮ್ಮ ಕೊರಳು ಮುಟ್ಟಿ ನೋಡಿಕೊಂಡಳು. ತಾಳಿಯಲ್ಲಿದ್ದ ಚಿನ್ನದ ಗುಂಡೊಂದು ಇರಲಿಲ್ಲ. ಅದು ಸಿಗುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಕೂತಳು. ಅವಳು ಉಣ್ಣದಿದ್ದರೆ ಒಲೆ ಹತ್ತುವುದಿಲ್ಲ. ಆದ್ದರಿಂದ ಕುಟುಂಬದ ಹಿತದೃಷ್ಟಿಯಿಂದ ಶೋಧಕಾರ್ಯವನ್ನು ನಾನೇ ಕೈಗೆತ್ತಿಕೊಂಡೆ.

ಮಣ್ಣಲ್ಲಿ ಹೂತುಹೋದ ನೀರಿನ ಪೈಪು ಹುಡುಕುವ ಕೆಲಸದಲ್ಲಿದ್ದ ಗೆಳೆಯ ಶಿವಣ್ಣ, ಮರುದಿನ ತನ್ನ ಮೆಟಲ್ ಡಿಟೆಕ್ಟರ್ ಕೊಟ್ಟ. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಷ್ಟು ಅಗಲಕ್ಕೆ ತಂತಿ ಸುತ್ತಿದ ಕಾಯಿಲ್, ಅದರ ತಳಕ್ಕೆ ಪ್ಲಾಸ್ಟಿಕ್ ಕವಚ. ಕವಚದೊಳಗೆ ಮಣ್ಣು ಸೇರಿದರೆ ಸುಳ್ಳುಸುಳ್ಳೇ ಕೂಗುತ್ತದೆ, ಬಿಚ್ಚಿ ತೊಳೆದು ಒಣಗಿಸಿ ಹಾಕು ಎಂದ. ಬಿಚ್ಚಿದೆ. ಒಂದು ಹಿಡಿ ಕಪ್ಪು ಮರಳು ಉದುರಿತು. ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ಜಯಮ್ಮ ತಾನೇ ಕವಚವನ್ನು ಒತ್ತಿ ಕೂರಿಸಿಕೊಟ್ಟಳು. ಹೆಂಡತಿಗೂ ವಿಜ್ಞಾನದಲ್ಲಿ ಆಸಕ್ತಿ ಬಂತಲ್ಲ ಎಂದು ಉಬ್ಬಿಹೋದೆ.

ಹೊತ್ತು ಮುಳುಗುವಾಗ ನಾನೂ ಜಯಮ್ಮನೂ ಕಣಕ್ಕೆ ಹೋದೆವು. ಪಕ್ಕದ ಮನೆಯ ಕೆಂಪಣ್ಣನೂ ಜೊತೆಗೆ ಬಂದ. ಗಾಳಿ ಇರಲಿಲ್ಲ. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಸ್ವಿಚ್ಚು ಹಾಕಿ ಹೆಜ್ಜೆ ಇಟ್ಟೆ. ಊಂ... ಎಂದು ಯಂತ್ರ ನರಳಿತು. ನಾನು ನಿಂತೆ, ಅದೂ ನಿಂತಿತು. ಇನ್ನೊಂದು ಹೆಜ್ಜೆ ಇಟ್ಟೆ, ಮತ್ತೆ ನರಳಿತು. ಇಡೀ ಕಣದಲ್ಲಿ ಅದು ನರಳದ ಜಾಗವೇ ಇಲ್ಲ.

"ಲೇ, ಯುದ್ಧ ನಡ್ದಿದ್ ನೆಲ ಕಣ್ಲಾ ಇದು," ಎಂದ ಕೆಂಪಣ್ಣ ಮೆಲ್ಲಗೆ. "ಸತ್ತೋರು ಕತ್ತಿ ಕಟ್ಕಂಡೇ ಮಲಗವ್ರೆ. ಎಬ್ಬುಸ್ಬ್ಯಾಡ."

ಧೈರ್ಯ ತೋರಿಸಲು ಕೋಲನ್ನು ಆಕಾಶಕ್ಕೆ ಎತ್ತಿದೆ. ಅಲ್ಲೂ ನರಳಿತು! ಮೇಲೆ ಹುಣಸೆಮರದ ಕೊಂಬೆ ಬಿಟ್ಟರೆ ಏನೂ ಇರಲಿಲ್ಲ. ಕೊಂಬೆಯ ಮೇಲೆ ಯಾರು ಕೂತಿದ್ದಾರೆಂದು ವಿಚಾರಿಸುವ ತಾಳ್ಮೆ ನನಗಿರಲಿಲ್ಲ. ಓಡಿದೆ. ಓಡಿದಷ್ಟೂ ಅದು ಜೋರಾಗಿ ಅರಚುತ್ತ ಬೆನ್ನಿಗೇ ಬಂತು. ಯಂತ್ರ ನನ್ನ ಕೈಯಲ್ಲೇ ಇದೆ ಎಂಬುದು ಮನೆಯ ಜಗಲಿ ಹತ್ತಿದ ಮೇಲೆ ತಿಳಿಯಿತು.

ಮತ್ತೆ ಮಣ್ಣು ಸೇರಿತೇನೋ ಎಂದು ಕವಚ ಬಿಚ್ಚಿದೆ. ಒಳಗೆ ಅರಿಸಿನ ಮೆತ್ತಿದ ಬಟ್ಟೆಯ ಪುಟ್ಟ ಗಂಟು. ನನಗಿಂತ ಮೊದಲೇ ಓಡಿಬಂದು ಜಗಲಿಯಲ್ಲಿ ಕೂತಿದ್ದ ಕೆಂಪಣ್ಣ, ಮಾಟ ಎಂದವನೇ ತನ್ನ ಮನೆ ಸೇರಿ ಬಾಗಿಲು ಹಾಕಿಕೊಂಡ.

ಹಿಂದೆಯೇ ಬಂದ ಜಯಮ್ಮ ಮಾತ್ರ ಅಲುಗಲಿಲ್ಲ. "ನಾನೇ ಇಟ್ಟಿದ್ದು. ಗುಂಡು ಸಿಗ್ಲಿ ಅಂತ ದೇವ್ರಿಗೆ ಮುಡಿಪು. ಅರಕೆ ಬಾಯ್ಬುಟ್ಟು ಏಳ್ಬಾರ್ದು ಅಂತ ಸುಮ್ಕಿದ್ದೆ."

ರೂಪಾಯಿ ಇಟ್ಟು ಕಟ್ಟಿದ ಮುಡಿಪು ಅದು. ದೇವರ ಕಾಸು ಹೊಟ್ಟೆಯೊಳಗೆ ಉರುಳಾಡುತ್ತಿದ್ದರೆ ಯಂತ್ರ ತಾನೇ ಏನು ಮಾಡೀತು? ಗಂಟು ಬಿಚ್ಚಿದೆ. ನಾಣ್ಯಕ್ಕೆ ಒಣಗಿದ ಅರಿಸಿನದ ಹೆಂಟೆಯೊಂದು ಅಂಟಿತ್ತು. ಉಗುರಿನಿಂದ ಕೆರೆದೆ. ಚಿನ್ನ ಹೊಳೆಯಿತು.

ತಾಳಿಗೆ ಅರಿಸಿನ ಹಚ್ಚುವಾಗ ಸವೆದ ದಾರದಿಂದ ಗುಂಡು ಬಟ್ಟಲಿಗೆ ಜಾರಿತ್ತು. ಅದೇ ಬಟ್ಟಲಿನ ಅರಿಸಿನ ಮುಡಿಪಿಗೂ ಹೋಗಿತ್ತು. ಜಯಮ್ಮ ಗುಂಡನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. ಅಷ್ಟು ಹೊತ್ತೂ ಆ ಯಂತ್ರ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಮರುದಿನ ಶಿವಣ್ಣ ಬಂದು, ಯಂತ್ರ ಸರಿಯಾಗಿ ಕೆಲಸ ಮಾಡಿತೇ ಎಂದು ಕೇಳಿದ. ನನಗೆ ಬಿಸಿ ಮುದ್ದೆ ಬಡಿಸುತ್ತಿದ್ದ ಜಯಮ್ಮ ತಲೆ ಎತ್ತದೆ ಹೇಳಿದಳು.

"ಯಂತ್ರ ಸರ್ಯಾಗೇ ಅದೆ ಕಣಣ್ಣ. ಇವ್ರ ತಲೆ ಮುಚ್ಚಳನೇ ಒಂದ್ಸಲ ಬಿಚ್ಚಿ ತೊಳೀಬೇಕು."