ನಮ್ಮ ವೆಬ್‌ಸೈಟಿನ ಮುಗಿಯದ ಅಮವಾಸ್ಯೆ

ಇದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ದಸರಾ ಮುಗಿಯಲಿ ಎಂದೆ. ಆಮೇಲೆ ಮೆಣಸಿನಕಾಯಿ ಸುಗ್ಗಿ ಮುಗಿಯಲಿ ಎಂದೆ. ಅದಾದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದೆ. ಪೊರೆಯೂ ಹೋಯಿತು. ಈಗ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದೆ. ಹುಡುಕಿದರೂ ಕಾಣದೇ ಇರುವುದು ಹೊಸ ನೆಪವೊಂದೇ!

ಈ ಭೂಮಿಯ ಮೇಲೆ ವೆಬ್‌ಸೈಟಿಗೆ ಅಮವಾಸ್ಯೆ ಆಚರಿಸಲು ಕಲಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಅಕ್ಕ. ಬ್ಯಾಡಗಿಯಲ್ಲಿ ಅವಳದೊಂದು ಮೆಣಸಿನಪುಡಿ ಅಂಗಡಿ ಇತ್ತು. ಭಾವ ತೀರಿಕೊಂಡ ಮೇಲೆ ಅವಳೇ ಕಟ್ಟಿದ್ದು, ಅವಳೇ ನಡೆಸಿದ್ದು. ಬಂಡವಾಳ ಏನೆಂದಿರಿ? ಮೂಗು! ಒಣಮೆಣಸಿನಕಾಯಿಯನ್ನು ಪಟ್ಟನೆ ಮುರಿದು, ಕಣ್ಣು ಮುಚ್ಚಿ ಮೂಸಿ, "ಇದು ಹಲಗೇರಿ ಕಡೀದು, ಕಣದಾಗ ಇಬ್ಬನಿ ಕುಡದೈತಿ, ಬ್ಯಾಡ" ಎನ್ನುತ್ತಿದ್ದಳು. ತಂದ ರೈತ ಬಾಯಿ ಮುಚ್ಚಿಕೊಂಡು ಚೀಲ ಹೊತ್ತು ಹೋಗುತ್ತಿದ್ದ. ಮದುವೆ ಊಟದಲ್ಲಿ ಸಾರು ಬಡಿಸಲು ಬಂದವನ ಕೈ ಹಿಡಿದು ನಿಲ್ಲಿಸಿ, "ಯಪ್ಪಾ, ಈ ಪುಡಿ ಹೋದ ವರ್ಷದ್ದು, ಬೀಗರಿಗೆ ಹೇಳಬ್ಯಾಡ" ಎಂದು ಇಡೀ ಪಂಕ್ತಿಗೆ ಕೇಳುವಂತೆ ಗುಟ್ಟು ಹೇಳಿದವಳು!

ನಾನು ಮೆಟ್ರಿಕ್ ಪಾಸು. ರಾಣೆಬೆನ್ನೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅಷ್ಟಕ್ಕೇ ಮನೆತನದಲ್ಲಿ ನಾನು ವಿಜ್ಞಾನಿ. ಪುಣೆ, ಮುಂಬಯಿ ಕಡೆಯಿಂದ ಪುಡಿಗೆ ಬೇಡಿಕೆ ಬರತೊಡಗಿದಾಗ, "ಅಕ್ಕ, ಒಂದು ವೆಬ್‌ಸೈಟ್ ಮಾಡಿಸೋಣ" ಎಂದವನು ನಾನೇ. ಹಾವೇರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಒಬ್ಬ ಮಾಸ್ತರರು ಮಾಡಿಕೊಟ್ಟರು. ಮೊದಲ ದಿನ ಅಕ್ಕ ಚಪ್ಪಲಿ ಹೊರಗೆ ಬಿಟ್ಟು ಬಂದು, ಪರದೆಯ ಮುಂದೆ ಕುಳಿತು ಕೇಳಿದ್ದು ಒಂದೇ ಪ್ರಶ್ನೆ.

"ಮಾಸ್ತರ, ಇದರ ಬಾಗಲಾ ಯಾವ ದಿಕ್ಕಿಗೆ ಐತ್ರಿ?"

ಮಾಸ್ತರರು ಗಟ್ಟಿ ಆಸಾಮಿ. ನಗಲಿಲ್ಲ. "ಅಕ್ಕಾರ, ಮೇಜು ಯಾವ ಕಡೆ ತಿರುಗಿಸ್ತೀರೋ ಆ ಕಡೆ ನೋಡ್ರಿ" ಎಂದರು.

ಮೇಜು ಪೂರ್ವಕ್ಕೆ ತಿರುಗಿತು! ಮೆಣಸಿನಕಾಯಿಯ ಚಿತ್ರ ಬಂದಾಗ ಮಾತ್ರ ಅಕ್ಕ ಎದ್ದು ನಿಂತಳು. ಫೋಟೋ ಚೆಂದ ಕಾಣಲೆಂದು ಮಾಸ್ತರರು ಕಾಯಿಯ ಮೇಲಿನ ಸುಕ್ಕನ್ನೆಲ್ಲ ಅಳಿಸಿಬಿಟ್ಟಿದ್ದರು.

"ಅಯ್ಯ ಇವರ! ಸುಕ್ಕು ತಗದ್ರ ಅದು ಬ್ಯಾಡಗಿ ಕಾಯಿ ಹೆಂಗ ಆದೀತ್ರಿ? ತಗಿಯೂದಿದ್ರ ನನ್ನ ಮಾರಿ ಮ್ಯಾಲಿಂದು ತಗೀರಿ, ಕಾಯಿದ್ದು ಮುಟ್ಟಬ್ಯಾಡ್ರಿ!"

ಆಮೇಲೆ ಬಂದದ್ದು ಅಮವಾಸ್ಯೆ. ಆ ದಿನ ಅಕ್ಕ ತಕ್ಕಡಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಬಾಗಿಲು ಹಾಕುತ್ತಿದ್ದಳು. ಒಂದು ಅಮವಾಸ್ಯೆಯ ದಿನ ವೆಬ್‌ಸೈಟಿನಲ್ಲಿ ಯಾರೋ ಪುಡಿಗೆ ಆರ್ಡರ್ ಹಾಕಿದರೆಂದು ಕೇಳಿ ಹೌಹಾರಿದಳು.

"ಮುಂದಿನ ಬಾಗಲಾ ಹಾಕಿ ಹಿತ್ತಲದಾಗ ಮಾರೂದು ಎಲ್ಲಿ ನ್ಯಾಯ ತಮ್ಮಾ? ಅದಕ್ಕೂ ಬಾಗಲಾ ಹಚ್ಚಸು!"

ಮಾಸ್ತರರು ಹಚ್ಚಿಕೊಟ್ಟರು. ಒಂದು ಬೋರ್ಡು. ಅದನ್ನು ಹಾಕಿದರೆ ಸೈಟೆಲ್ಲ ಮುಚ್ಚಿಹೋಗಿ, ಕೈ ಮುಗಿದು ನಿಂತ ಅಕ್ಕನ ಚಿತ್ರ ಮಾತ್ರ ಕಾಣುತ್ತಿತ್ತು. ಕೆಳಗೆ ದೊಡ್ಡ ಅಕ್ಷರ: "ಇವತ್ತು ಅಮವಾಸ್ಯೆ. ಅಂಗಡಿ ರಜೆ. ನಾಳೆ ಬನ್ನಿ." ಹಾಕುವುದು, ಮರುದಿನ ತೆಗೆಯುವುದು ನನ್ನ ಕೆಲಸ.

ಅಲ್ಲಿಯವರೆಗೆ ನಗೆಯ ಕಥೆ. ಮಾಸ್ತರರು ಕ್ಲಾಸು ಮುಚ್ಚಿ ಮಗಳ ಊರಿಗೆ ಹೊರಟಾಗ ಸೈಟಿನ ಪಾಸ್‌ವರ್ಡ್ ಹೇಳಿ, "ಎಲ್ಲೆರೆ ಬರದು ಇಟ್ಕೋರಿ ಕಾಕಾ" ಎಂದರು. ನಾನು ಹಣೆಗೆ ಬೆರಳು ತಟ್ಟಿ, "ಇಲ್ಲಿ ಬರಕೊಂಡೇನಿ" ಎಂದೆ. ಆ ಹಣೆಬರಹ ಮುಂದಿನ ಅಮವಾಸ್ಯೆಗೆ ಸರಿಯಾಗಿ ನೆನಪಿತ್ತು, ಬೋರ್ಡು ಹಾಕಿದೆ. ಪಾಡ್ಯದ ದಿನ ಮರೆತುಹೋಗಿತ್ತು! ಊಹಿಸಿ ಊಹಿಸಿ ಒತ್ತಿದೆ. ಅದು ಸಿಟ್ಟಿಗೆದ್ದು ಬಾಗಿಲು ಹಾಕಿಕೊಂಡಿತು. ಹೊಸ ಪಾಸ್‌ವರ್ಡ್ ಬೇಕಾದರೆ ಮೊಬೈಲಿಗೆ ಸಂದೇಶ ಕಳಿಸುತ್ತೇನೆ ಎಂದಿತು. ಯಾವ ಮೊಬೈಲಿಗೆ? ನಾನು ಯಾವತ್ತೋ ಬಿಟ್ಟುಕೊಟ್ಟ ಹಳೆಯ ನಂಬರಿಗೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ದೆವ್ವ ಬರಬಾರದೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ದೆವ್ವ ದಿನಾ ಬಂದು, ಓದಿ, ತಿರುಗಿ ಹೋಗುತ್ತಿತ್ತಂತೆ. ನಾವು ಗಿರಾಕಿಗಳನ್ನು ಹಾಗೇ ಕಳಿಸತೊಡಗಿದೆವು.

ಮಾಸ್ತರರಿಗೆ ಫೋನ್ ಮಾಡಬಹುದಿತ್ತಲ್ಲ? ಮಾಡಬಹುದಿತ್ತು. ಆದರೆ ಹಣೆ ತಟ್ಟಿ ತೋರಿಸಿದ್ದೆನಲ್ಲ! ಹೊಸ ಸೈಟ್ ಮಾಡಿಸಬಹುದಿತ್ತಲ್ಲ? ಮಾಡಿಸಬಹುದಿತ್ತು. "ಹಳೇದಕ್ಕ ಏನಾತೋ?" ಎಂದು ಅಕ್ಕ ಕೇಳಿದರೆ? ವೆಬ್‌ಸೈಟ್ ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ ಎಂದು ಈಗ ಯಾರಾದರೂ ಕೇಳಿದರೆ, ನನ್ನ ಬಳಿ ಪಕ್ಕಾ ಉತ್ತರವಿದೆ. ಬಣ್ಣ ಹಳತಾಯಿತೇ, ಮೊಬೈಲಿನಲ್ಲಿ ನಿಧಾನವಾಗಿ ತೆರೆಯುತ್ತದೆಯೇ ಎಂದೆಲ್ಲ ನೋಡಬೇಡಿ. ಗಿರಾಕಿಗೆ ಅದರ ಹೆಸರು ಹೇಳುವಾಗ ನಿಮಗೆ ಕೆಮ್ಮು ಬಂದರೆ, ಕಾರ್ಡು ಕೊಡುವಾಗ ಅದರ ಹೆಸರಿನ ಮೇಲೆ ಹೆಬ್ಬೆರಳು ತಾನಾಗಿ ಹೋಗಿ ಕುಳಿತರೆ, ಕಾಲ ಬಂದಿದೆ. ನನ್ನ ಹೆಬ್ಬೆರಳಿಗೆ ಆ ಜಾಗ ರೂಢಿಯಾಗಿಬಿಟ್ಟಿತ್ತು!

ಅಕ್ಕನದು ಗುಂಡಿ ಒತ್ತುವ ಫೋನು. ಅವಳಿಗೆ ಅದು ಕಾಣುವ ಸಂಭವವೇ ಇರಲಿಲ್ಲ. ಪ್ರತಿ ಅಮವಾಸ್ಯೆಗೆ ಫೋನ್ ಬರುತ್ತಿತ್ತು.

"ಬೋರ್ಡ್ ಹಾಕೀಯೇನೋ ತಮ್ಮಾ?"

"ಹಾಕೇನಿ ಅಕ್ಕ." ಇದು ಖರೇ.

ಮರುದಿನ: "ತಗದೀಯೇನೋ?"

"ತಗದೇನಿ." ಇದನ್ನು ಹೇಳುವಾಗ ಫೋನು ಇನ್ನೊಂದು ಕಿವಿಗೆ ಬದಲಾಗುತ್ತಿತ್ತು.

ಹೊರಊರಿನ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ತೊಟ್ಟು ಬಿಡಿಸಲು ಬರುತ್ತಿದ್ದ ಹೆಣ್ಣುಮಕ್ಕಳಿಗೆ ಅಕ್ಕ "ಮುಂದಿನ ವಾರ ಬರ್ರೆವ್ವಾ" ಎನ್ನತೊಡಗಿದಳು. ಆಗಲೇ ಹುಬ್ಬಳ್ಳಿಯ ಒಬ್ಬ ಖಾನಾವಳಿ ಮಾಲೀಕ ಪುಡಿ ನೋಡಲು ಬರುತ್ತೇನೆಂದ. ಊರ ತುಂಬ ಖಾನಾವಳಿ ಇದ್ದವನು. ಈ ಒಬ್ಬ ಗಿರಾಕಿ ಸಿಕ್ಕರೆ ಅಂಗಡಿ ಉಳಿದಂತೆ. ಅಕ್ಕ ನನ್ನನ್ನೂ ಕರೆಸಿದಳು. ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದಳು.

ಅವನು ಬಂದ. ಕಾಯಿ ಮುರಿದ, ಮೂಸಿದ, ತಲೆದೂಗಿದ. ಅಕ್ಕನ ಮುಖ ಅರಳಿತು. ಅವನು ಹೇಳಿದ, "ಚಲೋ ಐತ್ರಿ. ನನ್ನ ಮಗ ಎಲ್ಲಾ ಫೋನಿನ್ಯಾಗ ತರಸ್ತಾನ. ನಿಮ್ಮದು ಸೈಟ್ ಐತೇನ್ರಿ?"

"ಐತಲ್ರೀ ಸಾವ್ಕಾರ್ರ! ನಮ್ಮ ತಮ್ಮಂದ ಉಸ್ತುವಾರಿ. ತೋರ್ಸೋ ತಮ್ಮಾ."

ನಾನು ಫೋನನ್ನು ಮೇಲಕ್ಕೆತ್ತಿ ಹಿಡಿದೆ. "ನೆಟ್‌ವರ್ಕ್ ಇಲ್ಲ ಅಕ್ಕ ಇಲ್ಲಿ."

"ನನಗ ತುಂಬ ಐತ್ರಿ," ಎಂದು ಅವನು ತನ್ನ ಫೋನು ತೆಗೆದ. ಗಲ್ಲಾಪೆಟ್ಟಿಗೆಯ ಮೇಲಿದ್ದ ಅಂಗಡಿಯ ಕಾರ್ಡು ಎತ್ತಿಕೊಂಡು ಅಕ್ಷರ ಅಕ್ಷರವಾಗಿ ಒತ್ತತೊಡಗಿದ. ಆ ಕಾರ್ಡಿನ ಮೇಲೆ ನನ್ನ ಹೆಬ್ಬೆರಳು ಇರಲಿಲ್ಲ. ಚಹಾ ಚೆಲ್ಲಲೇ? ಎದೆ ಹಿಡಿದುಕೊಂಡು ಬೀಳಲೇ? ಖರೇ ಹೇಳುತ್ತೇನೆ, ಬೀಳಲು ಜಾಗವನ್ನೂ ನೋಡಿದೆ!

ಅವನು ಫೋನು ನೋಡಿದ. ಅಕ್ಕನನ್ನು ನೋಡಿದ. ಮತ್ತೆ ಫೋನು ನೋಡಿದ.

"ಯವ್ವಾ, ಇವತ್ತ ಅಮಾಸಿ ಏನ್ರಿ?"

ಅಕ್ಕ ನಕ್ಕಳು. "ಇಲ್ರಿ, ಅಮಾಸಿ ಹೋಗಿ ವಾರ ಆಗಾಕ ಬಂತು. ಯಾಕ್ರಿ?"

ನಾನು ಅವನ ರಟ್ಟೆ ಹಿಡಿದು, "ಬರ್ರಿ ಸಾವ್ಕಾರ್ರ, ಹೊರಗ ಹೋಗಿ ಚಹಾ ಕುಡಿಯೋಣು" ಎಂದು ಎಳೆದುಕೊಂಡೇ ಹೋದೆ. ರಸ್ತೆಯಲ್ಲಿ ನಿಂತು ಕೈ ಮುಗಿದೆ. "ಅಕ್ಕಗ ಹೇಳಬ್ಯಾಡ್ರಿ. ನಾಳೆ ಸರಿ ಮಾಡ್ತೇನಿ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಂಗಡಿ ಮುಚ್ಚೇತೋ ತಗದೈತೋ ಮನಿ ಮಂದಿಗೇ ಗೊತ್ತಿಲ್ಲ ಅಂದ್ರ, ನಾ ಯಾರನ್ನ ನಂಬಿ ಮಾಲ್ ಹೇಳ್ಲಿರಿ?" ಎಂದವನೇ ಕಾರು ಹತ್ತಿದ.

ಒಳಗೆ ಬಂದೆ. ಅಕ್ಕ ಅವನು ಮುರಿದಿಟ್ಟ ಕಾಯಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಮೂಸಿದ. ಚಲೋ ಐತಿ ಅಂದ. ಮತ್ತ ಯಾಕ ಹ್ವಾದನೋ?"

ಹೇಳಲು ಅದೇ ಹೊತ್ತು. ಇಡೀ ಜೀವಮಾನದಲ್ಲಿ ಅಷ್ಟು ಸಲೀಸಾದ ಹೊತ್ತು ನನಗೆ ಮತ್ತೆ ಸಿಕ್ಕಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ವಾಸನಿ ಹಿಡಸಲಿಲ್ಲಂತ ಅಕ್ಕ. ನಿನ್ನ ಎದರಿಗೆ ಹೆಂಗ ಹೇಳೂದಂತ ಸುಮ್ಮನಿದ್ದ."

ಅಕ್ಕ ಕಾಯಿಯನ್ನು ಮೂಗಿನ ಹತ್ತಿರ ತಂದಳು. ದೂರ ಹಿಡಿದಳು. ಮತ್ತೆ ಹತ್ತಿರ ತಂದಳು. ಇಷ್ಟು ವರ್ಷದಲ್ಲಿ ಅವಳು ಒಂದೇ ಕಾಯಿಯನ್ನು ಎರಡು ಸಲ ಮೂಸಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಗಿರಾಕಿಗಳು ಯಾಕೆ ಹೋದರೆಂಬುದಕ್ಕೆ ಅವಳಿಗೆ ಕಾರಣ ಸಿಕ್ಕಿತ್ತು. ಹಾವೇರಿಯಲ್ಲಿ ಡಾಕ್ಟರರಿಗೆ ಮೂಗು ತೋರಿಸಿದಳು. ಅವರು, "ಏನೂ ಇಲ್ಲಮ್ಮ, ವಯಸ್ಸಾದ ಮೇಲೆ ಎಲ್ಲರಿಗೂ ಸ್ವಲ್ಪ ಕಡಿಮೆ ಆಗೋದೇ" ಎಂದರಂತೆ. ಮೊದಲ ಅರ್ಧ ಅವಳ ಕಿವಿಗೆ ಬೀಳಲಿಲ್ಲ. ರೈತರು ಚೀಲ ಬಿಚ್ಚಿದರೆ, "ನೀವ ಹೇಳ್ರಪ್ಪಾ, ಹೆಂಗೈತಿ?" ಎಂದು ಕೇಳತೊಡಗಿದಳು. ಎಲ್ಲರೂ ಚಲೋ ಐತೆಂದೇ ಹೇಳಿದರು, ಇಬ್ಬನಿ ಕುಡಿದದ್ದಕ್ಕೂ! ಒಂದು ಸುಗ್ಗಿ ಹಾಗೆ ಹೋಯಿತು. ಮುಂದಿನ ಸುಗ್ಗಿಗೆ ಅವಳು ತಕ್ಕಡಿಯನ್ನು ಒರೆಸಿ, ಗೋಣಿ ಮುಚ್ಚಿ, ಬಾಗಿಲು ಹಾಕಿದಳು. ಈಗ ಬೋರ್ಡು ಸುಳ್ಳು ಹೇಳುತ್ತಿಲ್ಲ.

ಹೋದ ತಿಂಗಳು ಎಲ್ಲವನ್ನೂ ಹೇಳಿಬಿಡಬೇಕೆಂದೇ ಬ್ಯಾಡಗಿಗೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು, "ಅಕ್ಕ, ಆ ಸೈಟ್ ವಿಷಯ..." ಎಂದು ಬಾಯಿ ತೆರೆದೆ.

"ಬಿಡೋ ತಮ್ಮಾ," ಎಂದಳು. "ನೀ ಅದನ್ನ ಭಾಳ ಕಾಳಜಿಲೆ ನೋಡ್ಕೊಂಡಿ. ಒಂದು ಅಮಾಸಿ ತಪ್ಪಿಸ್ಲಿಲ್ಲ. ಕೆಟ್ಟಿದ್ದು ನನ್ನ ಮೂಗು, ನೀ ಯಾಕ ಮಾರಿ ಸಣ್ಣದ ಮಾಡ್ಕೋತಿ? ಕುಂದ್ರು, ಬಿಸಿ ಐತಿ, ಉಣ್ಣು."

ಉಂಡೆ. ಉಂಡು ಎದ್ದು ಬಂದೆ.

ಅಕ್ಕ ಕನ್ನಡಕ ಹಾಕಿಕೊಂಡು ಇವತ್ತಿಗೂ ಪೇಪರನ್ನು ಅಕ್ಷರ ಬಿಡದೆ ಓದುತ್ತಾಳೆ. ಇದನ್ನೂ ಓದಲಿ. ಅಕ್ಕ, ನಿನ್ನ ಮೂಗಿಗೆ ಏನೂ ಆಗಿಲ್ಲ. ಆ ಸಾವ್ಕಾರನಿಗೆ ವಾಸನೆ ಹಿಡಿಸಿತ್ತು. ಬಾಗಿಲು ಹಾಕಿದವನು ನಾನು.

ನಮ್ಮಲ್ಲಿ ದೊಡ್ಡಕ್ಕನ ಹೆಸರು ಹಿಡಿದು ಹೇಳುವ ರೂಢಿ ಇಲ್ಲ. ಆದರೆ ಊರಿಗೆಲ್ಲ ಎಷ್ಟೋ ಅಕ್ಕಂದಿರು. ಬರೀ ಅಕ್ಕ ಎಂದು ಬರೆದರೆ ನಾನು ಮತ್ತೆ ಅಡಗಿಕೊಂಡಂತೆ. ಎಂದೂ ಕ್ಷಮೆ ಕೇಳದೆ ನಾನು ಕೈ ತೊಳೆದು ಎದ್ದು ಬಂದದ್ದು ನೀಲವ್ವನ ಮನೆಯಿಂದ.