ಅತ್ತೆಯವರ ಕೂಲರೂ ನನ್ನ ಕಂಪ್ಯೂಟರೂ

ಸ್ಕ್ರೂ ಇರುವ ಯಾವ ವಸ್ತುವೂ ನನಗೆ ಹೆದರಬೇಕೇ ಹೊರತು ನಾನು ಅದಕ್ಕೆ ಹೆದರಬೇಕಾಗಿಲ್ಲ. ಇದು ನನ್ನ ಸಿದ್ಧಾಂತ. ಈಗಲೂ ಇದೇ. ಮುಂದಿನದನ್ನು ಓದಿ ನೀವು ಬೇರೆ ತೀರ್ಮಾನಕ್ಕೆ ಬಂದರೆ ಅದು ನಿಮ್ಮ ಸ್ವಾತಂತ್ರ್ಯ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮದುವೆ ಮುಂಜಿಗಳ ವಿಡಿಯೊ ಕತ್ತರಿಸಿ ಜೋಡಿಸುವುದು ನನ್ನ ಉದ್ಯೋಗ. ಕಲಬುರಗಿಯ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿರುವ ಕಂಪ್ಯೂಟರನ್ನು ಬಿಡಿಭಾಗ ತರಿಸಿ ನಾನೇ ಜೋಡಿಸಿದ್ದೇನೆ. ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನು ತಿರುಗಿದರೆ ಬೀಸುವುದು ಬಿಸಿಗಾಳಿ. ಅದಕ್ಕೇ ಕಂಪ್ಯೂಟರಿಗೆ ನೀರಿನಿಂದ ತಂಪು ಮಾಡುವ ಏರ್ಪಾಡು ಮಾಡಿದೆ. ಒಂದು ಗಾಜಿನ ತೊಟ್ಟಿ, ಅದರ ತಳದಲ್ಲಿ ಮುಷ್ಟಿಯಷ್ಟು ದೊಡ್ಡ ಪಂಪು, ಅಲ್ಲಿಂದ ಹೊರಡುವ ಕೊಳವೆಗಳು. ನೀಲಿ ನೀರು ಕಂಪ್ಯೂಟರಿನ ಕಾದ ತಲೆಯ ಮೇಲೆ ಹಾದು, ಹಿಂದಿನ ಜಾಲರಿಯಲ್ಲಿ ತಣ್ಣಗಾಗಿ, ಮತ್ತೆ ತೊಟ್ಟಿಗೆ ಬರುತ್ತದೆ. ನೋಡಲು ಬಹಳ ಚೆಂದ.

ನನ್ನ ಗಂಡ ಪ್ರಲ್ಹಾದನಿಗೆ ಮಾತ್ರ ಚೆಂದ ಕಾಣಲಿಲ್ಲ. "ಮನಷ್ಯಾರಿಗೆ ನಳದ ನೀರ ಯಾವಾಗ ಬರ್ತದ ಅಂತ ದಾರಿ ಕಾಯಬೇಕು. ನಿನ್ನ ಕಂಪ್ಯೂಟರಿಗೆ ದಿನಾ ಹಗಲೆಲ್ಲಾ ನೀರಾ?" ಎಂದ. ನಾನು ಉತ್ತರ ಕೊಡಲಿಲ್ಲ. ಅಜ್ಞಾನಕ್ಕೆ ಮೌನವೇ ಮದ್ದು.

ಈ ಬೇಸಿಗೆಯಲ್ಲಿ ಆ ಯಂತ್ರಕ್ಕೆ ಒಂದು ದೊಡ್ಡ ಕೆಲಸ ಬಂತು. ನನ್ನ ತವರು ಕಮಲಾಪುರ. ಅಲ್ಲಿ ಎಂಬತ್ತು ದಾಟಿದ ಅಪ್ಪನಿಗೆ ಸಹಸ್ರಚಂದ್ರ ದರ್ಶನ ಶಾಂತಿ ಮಾಡುವುದೆಂದು ತಮ್ಮ ಗೋವಿಂದ ನಿಶ್ಚಯಿಸಿದ. ಆಯಿ, ಅಂದರೆ ನಮ್ಮ ತಾಯಿ, ಹೋಗಿ ಬಹಳ ವರ್ಷಗಳಾದವು. ಅವಳ ದನಿ ಉಳಿದಿರುವುದು ಒಂದೇ ಕಡೆ, ಗೋವಿಂದನ ಮುಂಜಿಯ ವಿಡಿಯೊದಲ್ಲಿ. ಚಪ್ಪರದ ಮೂಲೆಯಲ್ಲಿ ಆಯಿ ಅಪ್ಪನ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಾಳೆ. ಅಪ್ಪ ತಲೆ ತಗ್ಗಿಸಿ ನಗುತ್ತಾರೆ. ಏನು ಹೇಳಿದಳೆಂದು ಮಾತ್ರ ಕೇಳುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ವಾಜಂತ್ರಿಯವರು ಜೀವ ಬಿಟ್ಟು ಊದಿದ್ದಾರೆ!

"ಅಕಿ ಮುಖ ನೆನಪದವಾ ಸುಧಾ, ದನಿನ ನೆನಪಿಗೆ ಬರವಲ್ದು," ಎಂದು ಅಪ್ಪ ಒಮ್ಮೆ ಫೋನಿನಲ್ಲಿ ಹೇಳಿದರು. "ಅವತ್ತ ಏನಂದ್ಲು ಅಂತ ಎಷ್ಟ ತಲಿ ಕೆರಕೊಂಡ್ರೂ ಹೊಳಿಯೂದಿಲ್ಲ."

ನನಗೆ ಅಳು ಬಂತು. ಅಳುತ್ತಲೇ ಮಾತು ಕೊಟ್ಟೆ. "ಅಪ್ಪಾ, ಶಾಂತಿ ದಿನ ನಿಮಗ ಆಯಿ ದನಿ ಕೇಳಸ್ತೀನಿ."

ವಾದ್ಯದ ಗದ್ದಲದಿಂದ ಮನುಷ್ಯರ ದನಿಯನ್ನು ಬೇರೆ ಮಾಡುವ ತಂತ್ರ ಈಗ ಬಂದಿದೆ. ಆದರೆ ಅದಕ್ಕೆ ಕಂಪ್ಯೂಟರು ಬಿಡದೆ ದುಡಿಯಬೇಕು, ತಲೆ ಕಾಯುವ ಹಾಗಿಲ್ಲ. ಅಕ್ಷಯ ತೃತೀಯದ ಶುಭದಿನ ಯಂತ್ರಕ್ಕೆ ಅರಿಶಿನ, ಕುಂಕುಮ, ತುಳಸಿ, ಅಕ್ಷತೆ, ತೀರ್ಥ ಎಲ್ಲ ಸಲ್ಲಿಸಿ, ಸಕ್ಕರೆ ನೈವೇದ್ಯ ತೋರಿಸಿ, ಕೆಲಸ ಶುರು ಮಾಡಿದೆ. ಶಾಸ್ತ್ರದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಆಮೇಲೆ ಆದ ಅನಾಹುತಕ್ಕೆ ನನ್ನ ಕಡೆಯ ಲೋಪ ಯಾವುದೂ ಇರಲಿಲ್ಲ ಎಂದು ನಾನು ಬಹಳ ಜನರಿಗೆ ಆಣೆ ಮಾಡಿ ಹೇಳಿದ್ದೆ.

ಕೆಲವೇ ದಿನಗಳಲ್ಲಿ ಪಂಪು ನಿಂತಿತು. ಕೊಳವೆಯಲ್ಲಿ ನೀಲಿ ನೀರು ನಿಂತಲ್ಲೇ ನಿಂತಿದೆ. ಯಂತ್ರದ ತಲೆ ಕಾಯುತ್ತಾ ಹೋಗಿ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದೆ. ಮತ್ತೆ ಕಪ್ಪಾಯಿತು!

ಗೋವಿಂದನಿಗೆ ಫೋನು ಮಾಡಿ ದುಃಖ ತೋಡಿಕೊಂಡೆ. ಅವನು, "ಅಕ್ಕಾ, ಸುಮ್ನ ಅಂಗಡಿಗೆ ಒಯ್ದು ಕೊಡು. ನಿನ್ನ ಕೈಲೆ ಆಗೂ ಕೆಲಸ ಅಲ್ಲ ಅದು," ಎಂದ.

ಅವನು ಹಾಗೆ ಅನ್ನದಿದ್ದರೆ ನಾನು ಅಂಗಡಿಗೆ ಹೋಗುತ್ತಿದ್ದೆನೋ ಏನೋ. ಅಂದಮೇಲೆ ಹೋಗುವುದು ಸಾಧ್ಯವೇ?

ಗಾಳಿ ಸಿಕ್ಕಿಕೊಂಡಿದೆ ಎನ್ನುವುದು ನನ್ನ ಮೊದಲ ರೋಗನಿರ್ಣಯ. ಹೊಲದ ಪಂಪಿಗೂ ಹಾಗಾಗುತ್ತದೆ, ಮೇಲಿಂದ ನೀರು ಸುರಿದು ಅಲುಗಾಡಿಸಿದರೆ ಗಾಳಿ ಹೊರಗೆ ಬರುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ತುಂಬ ನೀರು ಹಾಕಿ, ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಎಡಕ್ಕೂ ಬಲಕ್ಕೂ ವಾಲಿಸಿದೆ. ಗಾಳಿ ಬರಲಿಲ್ಲ, ನೀರು ಬಂತು. ಮುಚ್ಚಳ ಹಾಕಿರಲಿಲ್ಲ! ನೀಲಿ ನೀರೆಲ್ಲ ಕೆಳಗೆ ಮಡಿಚಿಟ್ಟಿದ್ದ ಬಟ್ಟೆಯ ಮೇಲೆ ಸುರಿಯಿತು. ಶಾಂತಿಗೆಂದು ಪ್ರಲ್ಹಾದ ಇಸ್ತ್ರಿ ಮಾಡಿಸಿ ಇಟ್ಟಿದ್ದ ಬಿಳಿ ಧೋತರ ಅದು.

"ಇದೇನ ಮಾಡೀ?" ಎಂದ ಅವನು, ಧೋತರ ಎತ್ತಿ ಹಿಡಿದು.

"ಪರೀಕ್ಷಾ ಮಾಡಾಕತ್ತೀನಿ."

"ಧೋತರದ ಮ್ಯಾಲಾ?"

ಎರಡನೆಯ ಪರೀಕ್ಷೆ ಶಾಸ್ತ್ರೀಯವಾದದ್ದು. ಕಂಪ್ಯೂಟರಿನ ಮದರ್‌ಬೋರ್ಡಿಗೆ ಹೋಗುವ ದಪ್ಪ ವೈರಿನ ಗೊಂಚಲನ್ನು ಬಿಚ್ಚಿ, ಅದರಲ್ಲಿರುವ ಹಸಿರು ಮತ್ತು ಕಪ್ಪು ವೈರುಗಳನ್ನು ಒಂದು ತಂತಿಯಿಂದ ಕೂಡಿಸಿದರೆ ಕಂಪ್ಯೂಟರು ಚಾಲೂ ಆಗದೆಯೇ ಪಂಪಿಗೆ ಕರೆಂಟು ಹೋಗುತ್ತದೆ. ಬಲ್ಲವರೆಲ್ಲ ಹೀಗೇ ಮಾಡುತ್ತಾರೆ. ತಂತಿ ಸಿಗಲಿಲ್ಲ. ಊಟ ಮುಗಿಸಿ ಒರಗಿದ್ದ ಅತ್ತೆಯವರ ತುರುಬಿನಿಂದ ಪಿನ್ನು ಎಳೆದುಕೊಂಡೆ.

"ಅಗಬಾಯೀ!" ಎಂದು ಅತ್ತೆ ಎದ್ದು ಕೂತರು. "ತಲ್ಯಾಗಿನ ಪಿನ್ನಲೆ ಕಂಪ್ಯೂಟರ್ ರಿಪೇರಿ ಮಾಡೂದು ಎಲ್ಲಿ ಕಲ್ತಿ?"

ಫ್ಯಾನುಗಳು ತಿರುಗಿದವು, ದೀಪಗಳು ಬೆಳಗಿದವು. ಪಂಪು ಒಮ್ಮೆ ಕುಂಯ್ ಎಂದಿತು, ಅಷ್ಟೇ. ನಾನು ಎದ್ದು ನಿಂತು ಮರಣ ಘೋಷಿಸಿದೆ. ತಪ್ಪು ಪಂಪಿನ ಕಂಪನಿಯದು! ಮಾರಿದವರಿಗೆ ಖಾರವಾಗಿ ಬರೆದೆ. ಕಳಪೆ ಮಾಲು ಕೊಟ್ಟು ಒಬ್ಬ ವೃದ್ಧನ ಕೊನೆಯ ಆಸೆಗೆ ಕಲ್ಲು ಹಾಕಿದ್ದೀರಿ ಎಂದೂ ಸೇರಿಸಿದೆ. ಅವರು ಸಮಾಧಾನವಾಗಿಯೇ ಉತ್ತರಿಸಿದರು. ಪಂಪನ್ನು ಬಿಚ್ಚಿ ಒಳಗಿನ ಫೋಟೊ ಕಳಿಸಿ, ಹೊಸದು ಕಳಿಸುತ್ತೇವೆ, ಬರಲು ಎರಡು ವಾರ ಬೇಕು ಎಂದು. ಅಷ್ಟರಲ್ಲಿ ಶಾಂತಿ ಮುಗಿದೇ ಹೋಗಿರುತ್ತದೆ. ಬಿಚ್ಚುವುದಿದ್ದರೆ ನಾಲ್ಕು ಜನ ಸಾಕ್ಷಿಗಳ ಎದುರಿಗೇ ಬಿಚ್ಚುತ್ತೇನೆ, ಆಮೇಲೆ ನೀವೇ ಒಳಗೆ ಕೈಯಾಡಿಸಿದಿರಿ ಎನ್ನಬಾರದು ಎಂದು ಪಂಪನ್ನು ಹಾಗೆಯೇ ಒಂದು ಡಬ್ಬಿಯಲ್ಲಿ ಭದ್ರಪಡಿಸಿದೆ. ಎಂಥ ಮುಂದಾಲೋಚನೆ!

ಬದಲಿ ಪಂಪಿಗಾಗಿ ಮಟಮಟ ಮಧ್ಯಾಹ್ನ ನೆಹರು ಗಂಜ್ ಪೇಟೆಯ ಹತ್ತಿರ ಒಂದು ಮೋಟರ್ ಅಂಗಡಿಗೆ ಹೋದೆ. ಸಣ್ಣ ಪಂಪು ಬೇಕು ಎಂದೆ.

"ಕೂಲರಿಂದಾ ಮೇಡಂ? ಖತಂ ಆಗ್ಯಾವ್ರಿ. ಗರ್ಮಿ ಹೆಂಗದ ನೋಡ್ರಿ, ಮಾಲ್ ಬಂದದ್ದ ಬಂದಂಗ ಖಾಲಿ."

"ಕೂಲರಿಗಲ್ರೀ, ಕಂಪ್ಯೂಟರಿಗೆ."

ಅಂಗಡಿಯವರು ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಬಹಳ ಮೃದುವಾಗಿ, "ಮೇಡಂ, ಬಿಸಲಾಗ ಬಂದೀರಿ. ಕೂಡ್ರಿ, ಮೊದ್ಲ ಥಂಡಾ ಪಾನಿ ಕುಡೀರಿ," ಎಂದರು.

ನೀರು ಕುಡಿದೆ. ಬೇರೆ ಏನು ಮಾಡಲಿ?

ಮನೆಗೆ ಬಂದಾಗ ಅತ್ತೆ ಕೂಲರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಕೂಲರಿನ ಒಳಗೆ ಪಂಪು ಜುಳುಜುಳು ನೀರೆತ್ತುತ್ತಿತ್ತು. ನಾನು ಕೂಲರನ್ನು ನೋಡಿದೆ. ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಬ್ಯಾಡ ಸುಧಾ," ಎಂದರು.

"ಒಂದ ದಿನ ಅತ್ತೀ. ಆಯಿ ದನಿ ಸಲುವಾಗಿ."

ಅವರು ತಕರಾರು ಮಾಡಲಿಲ್ಲ. ತಾವೇ ಎದ್ದು ಕೂಲರಿನ ಸ್ವಿಚ್ಚು ಆರಿಸಿ ಬೀಸಣಿಗೆ ಹುಡುಕಲು ಹೋದರು. ನಮ್ಮೂರಿನ ಮೇ ತಿಂಗಳಿನಲ್ಲಿ ಕೂಲರು ಬಿಟ್ಟುಕೊಡುವುದೆಂದರೆ ಏನೆಂದು ಇಲ್ಲಿಯವರಿಗೇ ಗೊತ್ತು. ಆ ಕ್ಷಣಕ್ಕೆ ಅವರ ಕಾಲಿಗೆ ಬೀಳಬೇಕೆನಿಸಿತು. ಸಮಯ ಇರಲಿಲ್ಲ.

ಕೂಲರಿನ ಪಂಪು ನೀರಿನಲ್ಲಿ ಮುಳುಗಿಯೇ ಇರಬೇಕು. ಬಕೆಟ್ಟಿಗೆ ನಳ ಬಿಟ್ಟರೆ ಮೇಲಿನ ಟಾಕಿಯಿಂದ ಬಂದ ನೀರಿನಲ್ಲಿ ಅಕ್ಕಿ ಬೇಯಿಸಬಹುದಿತ್ತು. ಮನೆಯಲ್ಲಿ ತಣ್ಣನೆಯ ನೀರಿದ್ದದ್ದು ಒಂದೇ ಕಡೆ, ಅತ್ತೆಯವರ ಕುಡಿಯುವ ಗಡಿಗೆಯಲ್ಲಿ. ಅದನ್ನೂ ಎತ್ತಿಕೊಂಡು ಬಂದೆ. ಪಂಪನ್ನು ಗಡಿಗೆಯಲ್ಲಿ ಇಳಿಬಿಟ್ಟು, ಪಂಪಿನ ಮೂತಿಗೂ ಕಂಪ್ಯೂಟರಿನ ಕೊಳವೆಗೂ ಸೈಕಲ್ ಟ್ಯೂಬಿನ ಚೂರು ಸುತ್ತಿ ಸ್ವಿಚ್ಚು ಹಾಕಿದೆ. ಟ್ಯೂಬು ಕಿತ್ತು ಹೋಗಿ ನೀರಿನ ಧಾರೆ ನೇರ ಪ್ರಲ್ಹಾದನ ಮುಖಕ್ಕೆ ಹೊಡೆಯಿತು.

"ಆಹಾ, ತಣ್ಣಗದ!" ಎಂದ ಪುಣ್ಯಾತ್ಮ.

ಬಿಗಿಯಾಗಿ ಕಟ್ಟಿದ ಮೇಲೆ ನೀರು ಹರಿಯಿತು. ಪರದೆ ಬೆಳಗಿತು! ಕಪ್ಪಾಗಲಿಲ್ಲ! ಗೋವಿಂದನಿಗೆ ಫೋನು ಮಾಡಿ ವಿಜಯವಾರ್ತೆ ತಿಳಿಸುತ್ತಿದ್ದಾಗಲೇ ಯಂತ್ರ ಮತ್ತೆ ಬಿಸಿಯಾಗತೊಡಗಿತು. ಗಡಿಗೆಯಲ್ಲಿ ಇಣುಕಿದೆ. ಪಂಪಿನ ಬಾಯಿಗೆ ವಾಳದ, ಅಂದರೆ ಲಾವಂಚದ, ಬೇರಿನ ಕಟ್ಟು ಮೆತ್ತಿಕೊಂಡಿತ್ತು! ಬೇಸಿಗೆಯಲ್ಲಿ ನೀರಿಗೆ ತಂಪೂ ಪರಿಮಳವೂ ಬರಲೆಂದು ಗಡಿಗೆಗೆ ವಾಳ ಹಾಕುವುದು ಅತ್ತೆಯವರ ರೂಢಿ. ಗಡಿಗೆ ಎಲ್ಲಿದ್ದರೇನು, ಅದರಲ್ಲಿ ವಾಳ ಇರಬೇಕು ಎಂದು ಅಡ್ಡಾಡುತ್ತಾ ಹಾಕಿ ಹೋಗಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಮಶೀನಿನ ನೀರಾಗ ಯಾರರೆ ಏನರೆ ಹಾಕ್ತಾರೇನ್ರಿ ಅತ್ತೀ? ಸ್ವಲ್ಪರೆ ವಿಚಾರ ಬ್ಯಾಡೇನು?"

ಅತ್ತೆ ಬೀಸಣಿಗೆ ನಿಲ್ಲಿಸಿದರು. "ತಪ್ಪಾತವಾ," ಎಂದು ತಾವೇ ಗಡಿಗೆಗೆ ಕೈ ಹಾಕಿ ವಾಳವನ್ನು ತೆಗೆದರು. ಕೂಲರೂ ಹೋಗಿ, ಕುಡಿಯುವ ನೀರೂ ಹೋಗಿ, ಮೇಲೆ ಬೈಗುಳವೂ ಆಯಿತು ಅವರಿಗೆ. ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತತ್ವ ತತ್ವವೇ.

ಶಾಂತಿಯ ದಿನ ಬೆಳಿಗ್ಗೆ, ಬಾಗಿಲಲ್ಲಿ ಕಾರು ನಿಂತು ಹಾರ್ನು ಹೊಡೆಯುತ್ತಿದ್ದಾಗ ಕೆಲಸ ಮುಗಿಯಿತು. ಒಮ್ಮೆ ಕೇಳಿ ನೋಡುವಷ್ಟೂ ಪುರುಸೊತ್ತಿಲ್ಲ. ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಸತ್ತ ಪಂಪಿನ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಅತ್ತೆ, ಪ್ರಲ್ಹಾದರ ಜೊತೆ ಕಮಲಾಪುರಕ್ಕೆ ಹೊರಟೆ. ಸಾಕ್ಷಿಗಳಿಗೆ ಅಲ್ಲಿ ಬರಗಾಲವಿರಲಿಲ್ಲ, ಬಳಗವೆಲ್ಲ ಸೇರಿತ್ತು. ಪ್ರಲ್ಹಾದನ ಧೋತರ ನೋಡಿದವರು, "ಈ ನೀಲಿ ಡಿಝೈನ್ ಎಲ್ಲಿ ಸಿಕ್ತು?" ಎಂದು ಕೇಳುತ್ತಿದ್ದರು. ಅವನು ನನ್ನ ಕಡೆ ಬೆರಳು ತೋರಿಸುತ್ತಿದ್ದ.

ಊಟವಾಗಿ ಎಲ್ಲರೂ ಟಿವಿಯ ಮುಂದೆ ಕೂತರು. ಅಪ್ಪ ನಡುವೆ ಕುರ್ಚಿಯಲ್ಲಿ, ಕೈ ಮಡಿಚಿಕೊಂಡು, ಪರೀಕ್ಷೆಗೆ ಬಂದವರ ಹಾಗೆ. ಗೋವಿಂದ ಪೆನ್‌ಡ್ರೈವು ಇಸಿದುಕೊಳ್ಳುತ್ತಾ, "ಅಂತೂ ಮಾಡೇಬಿಟ್ಟಿ. ಆದ್ರ ಆ ಪಂಪ್ ನೀನ ಏನರೆ ಮಾಡಿ ಕೆಡಸಿರ್ತಿ ಬಿಡು," ಎಂದ.

"ಹೌದಾ? ಈಗ ಎಲ್ಲಾರೂ ನೋಡ್ರಿ!" ಎಂದು ನಾನು ಎದುರಿನ ತಾಟಿನಲ್ಲಿದ್ದ ಕೆಂಪು ಬಾಳೆಹಣ್ಣುಗಳನ್ನು ಬದಿಗೆ ಸರಿಸಿ ಪಂಪನ್ನು ತಾಟಿನಲ್ಲಿ ಇಟ್ಟೆ. ಸ್ಕ್ರೂಡ್ರೈವರು ಜೊತೆಯಲ್ಲೇ ಇತ್ತು. ಕಂಪನಿಗಳ ಮೋಸದ ಬಗ್ಗೆ ಒಂದು ಚಿಕ್ಕ ಭಾಷಣ ಮಾಡುತ್ತಾ ಒಂದೊಂದೇ ಸ್ಕ್ರೂ ತೆಗೆದೆ. ಫೋಟೊ ತೆಗೆಯಲು ಪ್ರಲ್ಹಾದನನ್ನು ಹತ್ತಿರ ನಿಲ್ಲಿಸಿಕೊಂಡೆ. ಮುಚ್ಚಳ ಎತ್ತಿದೆ.

ಒಳಗೆ ನೀರೆತ್ತುವ ಪುಟ್ಟ ಚಕ್ರ. ಚಕ್ರದ ಸಂದಿಯಲ್ಲಿ ಉಬ್ಬಿಕೊಂಡು ಬಿಗಿಯಾಗಿ ಕೂತಿದ್ದ ಕೆಂಪು ಅಕ್ಷತೆಯ ಕಾಳುಗಳು. ಅವುಗಳ ಮೇಲೊಂದು ತುಳಸಿ ದಳ!

ಅಕ್ಷಯ ತೃತೀಯ. ತೊಟ್ಟಿಯ ಮುಚ್ಚಳ ತೆಗೆದು, ನೀರೇ ಇದರ ಜೀವ, ಪೂಜೆ ಜೀವಕ್ಕೆ ಮುಟ್ಟಬೇಕು ಎಂದು ನಾನೇ ಭಕ್ತಿಯಿಂದ ಒಳಗೆ ಹಾಕಿದ್ದೆ. ಕಂಪನಿಗೆ ಶಾಪ ಹಾಕುವ ಭರದಲ್ಲಿ ಅದು ಪೂರ್ತಿ ಮರೆತೇ ಹೋಗಿತ್ತು.

ಅತ್ತೆ ಮುಂದೆ ಬಾಗಿ ತಾಟನ್ನು ಚೆನ್ನಾಗಿ ನೋಡಿದರು.

"ಮಶೀನಿನ ನೀರಾಗ ಯಾರರೆ ಏನರೆ ಹಾಕ್ತಾರೇನವಾ ಸುಧಾ?" ಎಂದರು.

ಮನೆ ಮಾಳಿಗೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. "ಆದ್ರೂ ಒಳ್ಳೆ ಕಂಪನಿ ಇದ್ರ ನಾಕ ಕಾಳ ಅಕ್ಕಿ ತಡಕೋಬೇಕಾಗಿತ್ತು!" ಎಂದು ಸಾಧಿಸಿದೆ. ನಗು ಇನ್ನೂ ಜೋರಾಯಿತು. ಪಾಪ, ಗೋವಿಂದನೇ ಕನಿಕರಪಟ್ಟು ಚಿತ್ರ ಹಚ್ಚಿದ.

ಎಲ್ಲರೂ ಟಿವಿಯ ಕಡೆ ತಿರುಗಿದರು. ಮುಂಜಿಯ ಚಪ್ಪರ ಬಂತು. ವಾಜಂತ್ರಿಯವರು ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ, ಸದ್ದೇ ಇಲ್ಲ! ಮೂಲೆಯಲ್ಲಿ ಹಸಿರು ಪತ್ತಲ ಉಟ್ಟ ಆಯಿ. ಅಪ್ಪನ ಕಿವಿಯ ಹತ್ತಿರ ಬಾಗಿದಳು. ಹರಸುತ್ತಾಳೋ, ಮಗನ ಮುಂಜಿಯಾಯಿತೆಂದು ಹಿಗ್ಗುತ್ತಾಳೋ. ಸ್ವಚ್ಛವಾಗಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ, ಆಯಿಯ ದನಿ ಬಂತು.

"ಛಲೋ ಇದ್ದ ಫ್ಯಾನಿಗೆ ಏನ ಗತಿ ಮಾಡಿಟ್ಟೀರಿ? ಬಿಚ್ಚಲಿಕ್ಕೆ ಬರ್ತದ, ಕೂಡಸ್ಲಿಕ್ಕೆ ಬರಂಗಿಲ್ಲ. ಆಮ್ಯಾಲ ಮಂದಿಗೆ ಬೈತೀರಿ!"

ಅಪ್ಪ ನಕ್ಕರು. ಪರದೆಯ ಮೇಲೆ ಹೇಗೆ ತಲೆ ತಗ್ಗಿಸಿ ನಗುತ್ತಿದ್ದರೋ ಹಾಗೆಯೇ. ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡರು.

"ಹೌದವಾ, ಅಕೀನ. ಇದ ದನಿ," ಎಂದರು. "ಇನ್ನೊಮ್ಮೆ ಹಚ್ಚಪಾ ಗೋವಿಂದಾ."

ಗೋವಿಂದ ಇನ್ನೊಮ್ಮೆ ಹಚ್ಚಿದ. ಅಪ್ಪನಿಗೆ ಸಾಲಲಿಲ್ಲ, ಮತ್ತೊಮ್ಮೆ ಎಂದರು. ಸಂಜೆಯವರೆಗೂ ಆಯಿ ಅದೇ ಬೈಗುಳ ಬೈಯುತ್ತಿದ್ದಳು, ಅಪ್ಪ ಅದೇ ಸಂತೋಷದಿಂದ ಬೈಸಿಕೊಳ್ಳುತ್ತಿದ್ದರು. ನಾನು ಕೊಟ್ಟ ಮಾತು ಉಳಿಸಿಕೊಂಡೆ. ಇದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು!

ಯಾರೂ ಗಮನಿಸಲಿಲ್ಲ. ಆಯಿ ಬೈದದ್ದು ಅಪ್ಪನಿಗೆ. ಆದರೆ ಪ್ರತಿ ಸಲ ಅವಳು ಬಾಯಿ ತೆರೆದಾಗಲೂ ಇಡೀ ಬಳಗ ತಿರುಗಿ ನೋಡಿದ್ದು, ತಾಟಿನಲ್ಲಿ ಪಂಪಿನ ಚೂರುಗಳನ್ನು ಹರವಿಕೊಂಡು, ಯಾವುದು ಎಲ್ಲಿ ಕೂಡುತ್ತದೆಂದು ತಿಳಿಯದೆ ಕೂತಿದ್ದ ನನ್ನನ್ನು.