ಎಸೆದರಷ್ಟೇ ಹಿಡಿಯುವ ಮಾವ

ನನ್ನ ಸೋದರಮಾವನ ಕೈಗೆ ನೀವು ಏನನ್ನೂ ಕೊಡಲಾರಿರಿ. ಬೇಕಾದರೆ ಪಂದ್ಯ ಕಟ್ಟುತ್ತೇನೆ. ಟಿವಿ ರಿಮೋಟ್ ಇರಲಿ, ಈರುಳ್ಳಿ ಇರಲಿ, ಮೂರಡಿ ಹಿಂದೆ ಸರಿದು, ಮಂಡಿ ಬಗ್ಗಿಸಿ, ಎರಡೂ ಅಂಗೈ ಅರಳಿಸಿ, "ಹಾಕು ಮಾರಾಯ್ತಿ" ಎನ್ನುತ್ತಾರೆ. ಎಸೆಯಬೇಕು. ಹಿಡಿದೇ ಹಿಡಿಯುತ್ತಾರೆ. ವಯಸ್ಸು ಎಂಬತ್ತೈದು! ಇಲ್ಲಿ ಲಂಡನ್ನಿನ ಸೌತ್‌ಹಾಲಿನ ಹಣ್ಣಿನಂಗಡಿಯವನು ಇವರನ್ನು ಕಂಡರೆ ಮಾವಿನಹಣ್ಣನ್ನು ಒಂದೊಂದಾಗಿ ತೂರುತ್ತಾನೆ. ಇಂಥವರಿಗೆ ಮದುವೆಯಲ್ಲಿ ಅತ್ತೆ ಹಾರ ಹೇಗೆ ಹಾಕಿದರೋ? ಕೇಳಿದಾಗಲೆಲ್ಲ ಅತ್ತೆ, "ಆ ಕಥೆ ಬೇಡ" ಎಂದು ಒಳಗೆ ಹೋಗುತ್ತಿದ್ದರು.

ಮಾವ ಒಂದು ಕಾಲದ ವಿಕೆಟ್ ಕೀಪರ್. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಉಡುಪಿಯಿಂದ ಬೆಂಗಳೂರಿಗೆ ಹೋದವರಿಗೆ ಕಾರ್ಖಾನೆಯೊಂದು ಫಿಟ್ಟರ್ ಎಂದು ಸಂಬಳ ಕೊಟ್ಟು ತನ್ನ ತಂಡದಲ್ಲಿ ಆಡಿಸುತ್ತಿತ್ತು. ಏಳು ವರ್ಷದ ಫಿಟ್ಟರ್ ಕೆಲಸದಲ್ಲಿ ಅವರು ಸ್ಪ್ಯಾನರ್ ಮುಟ್ಟಿದ್ದು ಆಯುಧಪೂಜೆಯಂದು ಮಾತ್ರ. ಆಮೇಲೆ ಲಂಡನ್ನಿಗೆ ಬಂದು ನೆಂಟರ ಹೋಟೆಲಿನ ಅಡುಗೆಮನೆ ಸೇರಿದರು; ಭಾನುವಾರ ಇಲ್ಲಿನ ಕ್ಲಬ್ಬೊಂದಕ್ಕೆ ಕೀಪಿಂಗ್. ಬೆರಳು ಉಳಿಯಬೇಕಾದರೆ ಗ್ಲೌಸಿನೊಳಗೆ ದನದ ಮಾಂಸದ ತುಂಡು ಇಟ್ಟುಕೋ ಎಂದು ಕ್ಯಾಪ್ಟನ್ ಹೇಳಿದನಂತೆ. ಆಗಿನ ಕೀಪರುಗಳ ರೂಢಿ ಅದು. ಮೊಟ್ಟೆಯನ್ನೂ ಮುಟ್ಟದ ಮಾವ ಏನು ಮಾಡಬೇಕು? ಹೋಟೆಲಿನಲ್ಲಿ ಉಳಿದ ಉದ್ದಿನ ವಡೆ ಇಟ್ಟುಕೊಂಡರು. ಊಟದ ಹೊತ್ತಿಗೆ ಕರಿಬೇವಿನ ಘಮ ಏಳುತ್ತಿತ್ತು. ಏನಿದು ಎಂದು ಬ್ಯಾಟ್ಸ್‌ಮನ್ ಹಿಂದೆ ತಿರುಗುವಷ್ಟರಲ್ಲಿ ಬೌಲ್ಡ್! ವಡೆ ಬೆರಳನ್ನು ಮಾತ್ರ ಉಳಿಸಲಿಲ್ಲ. ಹತ್ತರಲ್ಲಿ ಏಳು, ಏಳು ದಿಕ್ಕಿಗಿವೆ. ಎಕ್ಸ್‌ರೇ ನೋಡಿದ ಜಿಪಿ ಡಾಕ್ಟರು ಯಾವ ಅಪಘಾತ ಎಂದು ಕೇಳಿದರೆ, ಮಾವ "ಫಾಸ್ಟ್ ಬೌಲಿಂಗ್" ಎಂದರು.

ಇಂಥ ಮಾವ ಒಬ್ಬರ ಎದುರು ಮಾತ್ರ ನುಣುಚಿಕೊಳ್ಳುತ್ತಿದ್ದರು. ಇಲ್ಲೇ ಎಜ್‌ವೇರ್‌ನಲ್ಲಿದ್ದ ಧಾರವಾಡದ ಹಿರಿಯರು ಅವರು. ಯುಗಾದಿ ಕೂಟದಲ್ಲಿ ಮೈಕ್ ಸಿಕ್ಕರೆ ಸಾಕು: "ಬೆಂಗಳೂರಾಗ ರಾಜ್ಯ ತಂಡದ ಆಯ್ಕೆ ಪಂದ್ಯದಾಗ ನಾ ನಲವತ್ತೆಂಟ ರನ್ನಿಗೆ ಆಡ್ಲಿಕ್ಕತ್ತಿದ್ದೆ. ಈ ಮನಷ್ಯಾ ನೆಲಕ್ಕ ಬಿದ್ದು ಒಂದ ಕೈಯಾಗ ಹಿಡದ ನೋಡ್ರಿ. ಅಂಥಾ ಕ್ಯಾಚಿಗೆ ಔಟಾಗೂದೂ ಪುಣ್ಯಾನ." ಅಷ್ಟರಲ್ಲಿ ಮಾವ ಹೋಳಿಗೆಯ ಸಾಲಿನಲ್ಲಿರುತ್ತಿದ್ದರು. ಎಂಥ ವಿನಯ ಎಂದು ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಎರಡು ವರ್ಷದ ಹಿಂದೆ, ಕೂಟ ಮುಗಿಸಿ ರೇನರ್ಸ್ ಲೇನ್‌ನ ಮನೆಗೆ ಮರಳುವಾಗ, ಮಾವ ಕಾರಿನಲ್ಲಿ ಹೇಳಿದರು: "ಅದು ಕ್ಯಾಚ್ ಅಲ್ಲ ಮಾರಾಯ್ತಿ. ಬಾಲ್ ಹುಲ್ಲಿಗೆ ತಾಗಿತ್ತು. ಅಂಪೈರ್ ನನ್ನ ಮುಖ ನೋಡಿದ. ನಾನು ಬಾಲ್ ಎತ್ತಿ ತೋರಿಸಿದೆ."

ಧಾರವಾಡದ ಆ ಹಿರಿಯರನ್ನು ಆಗ ತಂಡಕ್ಕೆ ಆರಿಸಲಿಲ್ಲ. ಅವರು ಬ್ಯಾಟು ಬಿಟ್ಟು ಗುಮಾಸ್ತಿಕೆ ಹಿಡಿದರು.

"ಅವರ ಹತ್ರ ಹೇಳ್ಬೇಕು. ಒಮ್ಮೆ ಎಜ್‌ವೇರಿಗೆ ಕರ್ಕೊಂಡು ಹೋಗ್ತಿಯಾ?" ಎಂದರು ಮಾವ.

ಕಾರಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಏನೇನು ನೆಪ ಹೇಳಲಿಲ್ಲ? ಪಾರ್ಕಿಂಗ್ ಸಿಗುವುದಿಲ್ಲ, ಮಗಳ ಈಜಿನ ಕ್ಲಾಸ್ ಇದೆ, ಕೌನ್ಸಿಲ್‌ನವರು ರಸ್ತೆ ಅಗೆದಿದ್ದಾರೆ. ಅರವತ್ತು ವರ್ಷದ ಹಿಂದಿನ ಚೆಂಡಿಗೆ ಈಗೇನು ಅವಸರ ಎಂಬ ತಾತ್ಸಾರ ನನ್ನದು. ಪ್ರತಿ ಶನಿವಾರ ಮಾವ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲ ಬಳಿ ಕೂರುತ್ತಿದ್ದರು, ಮಧ್ಯಾಹ್ನ ಬಿಚ್ಚಿಡುತ್ತಿದ್ದರು. ಕಳೆದ ಚಳಿಗಾಲ ಆ ಹಿರಿಯರಿಗೆ ಸ್ಟ್ರೋಕ್ ಆಯಿತೆಂದು ಫೋನ್ ಬಂದ ಮೇಲೆ ನಾನು ಕಾರು ತೆಗೆದೆ.

ಹಿರಿಯರು ಹಾಸಿಗೆಯಲ್ಲಿ ದಿಂಬಿಗೊರಗಿ ಕುಳಿತಿದ್ದರು. ಮಾವ ನಿಂತೇ ಎಲ್ಲ ಹೇಳಿದರು. ಹಿರಿಯರು ಕೇಳಿದರು:

"ಇದನ್ನ ಹೇಳಾಕ ಇಷ್ಟ ದಿನಾ ಬೇಕಾತೇನು?"

ಮಾವ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

"ಹಂಗಾದ್ರ ನಾ ಇನ್ನೂ ಔಟಾಗಿಲ್ಲ," ಎಂದು ಅವರು ಸ್ವಾಧೀನದಲ್ಲಿದ್ದ ಎಡಗೈ ಚಾಚಿದರು.

ಮಾವ ಹಿಂದೆ ಸರಿಯಲಿಲ್ಲ. ಮುಂದೆ ಹೋಗಿ ಆ ಕೈಯನ್ನು ತಮ್ಮ ಸೊಟ್ಟ ಬೆರಳುಗಳ ನಡುವೆ ತೆಗೆದುಕೊಂಡರು. ನಾವು ಹೊರಡುವವರೆಗೂ ಬಿಡಲಿಲ್ಲ.

ಆ ಹಿರಿಯರು ಆಮೇಲೆ ಒಂಬತ್ತು ದಿನ ಬದುಕಿದ್ದರು. ಒಂಬತ್ತೂ ದಿನ ಮಾವನನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ಎರಡು ವರ್ಷ ಓಡಿಸಬಹುದಿತ್ತು.